ಬುಧವಾರ ಊರಿನ ಕಥೆ ಹೇಳುವುದಿಲ್ಲ

ನಾನು ಕಾಂಪುಂಗ್ ನಾಗಾಕ್ಕೆ ಹೋಗಿ ಇಳಿದದ್ದು ಒಂದು ಬುಧವಾರ. ನನ್ನನ್ನು ಊರೊಳಗೆ ಕರೆದೊಯ್ಯಲು ಬಂದಿದ್ದ ಹಿರಿಯರನ್ನು, ಈ ಊರು ಎಷ್ಟು ಹಳೆಯದು, ಮೊದಲು ಇಲ್ಲಿ ಬಂದು ನೆಲೆಸಿದವರು ಯಾರು ಎಂದು ನಾನು ಕೇಳಿದಾಗ, ಅವರು ಸ್ವಲ್ಪವೂ ಬೇಸರಿಸದೆ, ಇವತ್ತು ಅದನ್ನು ಹೇಳುವಂತಿಲ್ಲ ಎಂದರು. ಮಂಗಳವಾರ, ಬುಧವಾರ ಮತ್ತು ಶನಿವಾರ ಊರಿನ ಮೂಲದ ಮಾತೆತ್ತುವುದು ಇಲ್ಲಿ ‘ಪಮಾಲಿ’, ಅಂದರೆ ಮಾಡಬಾರದ್ದು. ಯಾಕೆ ಎಂದು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಕಥೆಯನ್ನು ನಾಳೆ ಕೇಳೋಣ, ಈಗ ಗದ್ದೆ ನೋಡಿ ಎಂದು ಅವರು ಮುಂದೆ ನಡೆದರು. ಹೀಗಾಗಿ ಈ ಊರು ನನಗೆ ಮೊದಲು ಪರಿಚಯವಾದದ್ದು ಅದರ ಇತಿಹಾಸದಿಂದಲ್ಲ, ಅದರ ಭತ್ತದಿಂದ. ಆ ಕ್ರಮವೇ ಸರಿಯಾಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಇಂಡೋನೇಷ್ಯಾದ ಪಶ್ಚಿಮ ಜಾವಾ ಪ್ರಾಂತ್ಯದಲ್ಲಿ, ಸುಂಡಾ ಭಾಷೆಯಾಡುವ ಜನರ ಬೆಟ್ಟದ ಸೀಮೆಯಾದ ಪ್ರಿಯಾಂಗನ್‌ನಲ್ಲಿ, ಗಾರುತ್ ಪಟ್ಟಣದಿಂದ ತಾಸಿಕ್‌ಮಲಾಯಾಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಈ ಊರಿದೆ. ಗಾರುತ್‌ನಿಂದ ಸುಮಾರು 26 ಕಿಲೋಮೀಟರ್, ತಾಸಿಕ್‌ಮಲಾಯಾದಿಂದ ಸುಮಾರು 30. ಆಡಳಿತದ ಲೆಕ್ಕದಲ್ಲಿ ಇದು ತಾಸಿಕ್‌ಮಲಾಯಾ ಜಿಲ್ಲೆಯ ಸಲಾವು ವಿಭಾಗದ ನೆಗ್ಲಾಸಾರಿ ಗ್ರಾಮಕ್ಕೆ ಸೇರಿದ ಒಂದು ಕೇರಿ. ಆದರೆ ಪಕ್ಕದಲ್ಲೇ ಇದೆ ಎಂದರೆ ರಸ್ತೆಯ ಮಟ್ಟದಲ್ಲಿದೆ ಎಂದಲ್ಲ. ರಸ್ತೆಯಂಚಿನಿಂದ ಕಣಿವೆಗೆ ಮೆಟ್ಟಿಲುಗಳನ್ನು ಇಳಿಯಬೇಕು. ಸಾಮಾನ್ಯವಾಗಿ ಹೇಳುವ ಲೆಕ್ಕ 439. ನಾನೂ ಎಣಿಸಲು ತೊಡಗಿದೆ, ಆದರೆ ಅರ್ಧ ದಾರಿಯಲ್ಲಿ ಎಡಗಡೆ ಗದ್ದೆಗಳು ತೆರೆದುಕೊಂಡಾಗ ಲೆಕ್ಕ ತಪ್ಪಿತು. ‘ನಾಗಾ’ ಎಂಬ ಹೆಸರು ಕೇಳಿದರೆ ನಮ್ಮಂಥವರಿಗೆ ಹಾವು ನೆನಪಾಗುವುದು ಸಹಜ. ಇಲ್ಲಿಯವರ ವಿವರಣೆ ಬೇರೆ: ಸುಂಡಾ ಭಾಷೆಯಲ್ಲಿ ‘ನಾ ಗಾವಿರ್’ ಎಂದರೆ ಕಡಿದಾದ ಇಳಿಜಾರಿನಲ್ಲಿ ಎಂದರ್ಥ, ಆ ಮಾತೇ ಸವೆದು ನಾಗಾ ಆಯಿತಂತೆ. ಮೆಟ್ಟಿಲಿಳಿದು ನೋವೆದ್ದ ಮೊಣಕಾಲಿಗೆ ಆ ವಿವರಣೆಯಲ್ಲಿ ಯಾವ ಅನುಮಾನವೂ ಇರಲಿಲ್ಲ.

ಕೆಳಗೆ ಚಿವುಲಾನ್ ನದಿ ಹರಿಯುತ್ತದೆ. ಗಾರುತ್ ಕಡೆಯ ಚಿಕುರಾಯ್ ಪರ್ವತದಲ್ಲಿ ಹುಟ್ಟಿ, ಕೊನೆಗೆ ಹಿಂದೂ ಮಹಾಸಾಗರವನ್ನು ಸೇರುವ ನದಿ ಇದು. ಅದರ ದಂಡೆಯ ಮೇಲೆ ಒಂದೂವರೆ ಹೆಕ್ಟೇರಿನಷ್ಟು ಜಾಗದಲ್ಲಿ ಸುಮಾರು 110 ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ, ಸುಮಾರು 300 ಜನ ಅವುಗಳಲ್ಲಿ ಬಾಳುತ್ತಿದ್ದಾರೆ. ಇಷ್ಟು ಚಿಕ್ಕ ಊರು. ಮೇಲಿನಿಂದ ನೋಡಿದಾಗ ಕಾಣುವುದು ಕಪ್ಪು ಮಾಡುಗಳ ಸಾಲು ಮಾತ್ರ. ಆರೆನ್ ಎಂಬ ತಾಳೆ ಜಾತಿಯ ಮರದ ಕಾಂಡದಿಂದ ಬಿಡಿಸಿದ, ಇಜುಕ್ ಎಂದು ಕರೆಯುವ ಕರಿನಾರನ್ನು ಹೊದಿಸಿದ ಮಾಡುಗಳವು. ಎಲ್ಲ ಮನೆಗಳ ಉದ್ದ ಪೂರ್ವ ಪಶ್ಚಿಮಕ್ಕೆ, ಎಲ್ಲ ಬಾಗಿಲುಗಳು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ. ಬಂದವರೆಲ್ಲ ಮೆಟ್ಟಿಲಿನ ತಿರುವಿನಲ್ಲಿ ನಿಂತು ಈ ಮಾಡುಗಳ ಚಿತ್ರ ತೆಗೆಯುತ್ತಾರೆ, ನಾನೂ ತೆಗೆದೆ. ಆ ನೋಟದ ಚೆಲುವಿಗೆ ಕಾರಣ ನನಗೆ ಹೊಳೆದದ್ದು ಮಾತ್ರ ನಂತರ: ಬೇರೆಯವರದಕ್ಕಿಂತ ಭಿನ್ನವಾದ ಮಾಡು ಹೊದಿಸುವ ಅನುಮತಿ ಆ ಊರಿನಲ್ಲಿ ಯಾರಿಗೂ ಇಲ್ಲ. ಹೆಂಚಾಗಲಿ, ತಗಡಾಗಲಿ, ಇಟ್ಟಿಗೆಯ ಗೋಡೆಯಾಗಲಿ ಕೂಡದು. ಕೈಯಲ್ಲಿ ಹಣವಿದ್ದರೂ ಮನೆಯ ಮೇಲೆ ಅದನ್ನು ತೋರಿಸುವ ದಾರಿಯಿಲ್ಲ.

ಗದ್ದೆಯ ಮಾತಿಗೆ ಬರುತ್ತೇನೆ. ಮೆಟ್ಟಿಲು ಗದ್ದೆಗಳು ಊರಿನ ಸುತ್ತ ಇಳಿಜಾರಿನುದ್ದಕ್ಕೂ ಹಬ್ಬಿವೆ, ನೀರು ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ಬದುವಿನ ತೂಬುಗಳ ಮೂಲಕ ತಾನಾಗಿ ಇಳಿಯುತ್ತದೆ. ಈ ಊರಿನವರು ವರ್ಷಕ್ಕೆ ಎರಡೇ ಬೆಳೆ ತೆಗೆಯುತ್ತಾರೆ, ಒಂದು ಜನವರಿಯಲ್ಲಿ ಆರಂಭವಾಗುವುದು, ಇನ್ನೊಂದು ಜುಲೈಯಲ್ಲಿ. ಈ ಕ್ರಮಕ್ಕೆ ಅವರು ಇಟ್ಟಿರುವ ಹೆಸರು ಎರಡೂ ತಿಂಗಳುಗಳನ್ನು ಬೆಸೆದು ಮಾಡಿದ ‘ಜಾನ್ಲಿ’. ಮೂರೇ ತಿಂಗಳಲ್ಲಿ ಕೊಯ್ಲಿಗೆ ಬರುವ ತಳಿಗಳು ಜಾವಾದ ಉಳಿದೆಡೆ ಸಾಮಾನ್ಯವಾಗಿರುವಾಗ, ಇವರು ಐದಾರು ತಿಂಗಳು ಹೊಲದಲ್ಲಿ ನಿಲ್ಲುವ, ಎದೆಯುದ್ದಕ್ಕೆ ಬೆಳೆಯುವ ತಮ್ಮ ಹಳೆಯ ತಳಿಗಳನ್ನು ಬಿಟ್ಟುಕೊಟ್ಟಿಲ್ಲ.

ಇದು ಹಠವೆಂದು ಹೊರಗಿನವರಿಗೆ ಕಾಣಬಹುದು. ಆದರೆ ಜಾವಾದ ಭತ್ತದ ಕಳೆದ ಅರ್ಧ ಶತಮಾನದ ಇತಿಹಾಸವನ್ನು ಬಲ್ಲವರಿಗೆ ಹಾಗೆ ಕಾಣಲಾರದು. 1960ರ ದಶಕದ ಕೊನೆಯಿಂದ ಇಂಡೋನೇಷ್ಯಾ ಸರ್ಕಾರ ಐಆರ್ 8ರಂಥ ಗಿಡ್ಡ ತಳಿಗಳನ್ನೂ, ಅವುಗಳ ಜೊತೆಗೆ ಗೊಬ್ಬರ ಮತ್ತು ಕೀಟನಾಶಕಗಳನ್ನೂ ಹಳ್ಳಿ ಹಳ್ಳಿಗೆ ಮುಟ್ಟಿಸಿತು. ಇಳುವರಿ ಏರಿತು. 1984ರ ಹೊತ್ತಿಗೆ, ಅಲ್ಲಿಯವರೆಗೆ ಅಕ್ಕಿಯನ್ನು ಆಮದು ಮಾಡಿಕೊಳ್ಳುತ್ತಿದ್ದ ದೇಶ ಸ್ವಾವಲಂಬಿಯಾಯಿತು. ಆ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ತಪ್ಪು, ಹಸಿವನ್ನು ಕಂಡ ದ್ವೀಪ ಅದು. ಆದರೆ ವರ್ಷಪೂರ್ತಿ ಹೊಲದಲ್ಲಿ ಭತ್ತ ನಿಂತದ್ದರಿಂದ ಮತ್ತು ಎಡೆಬಿಡದೆ ಔಷಧ ಹೊಡೆದದ್ದರಿಂದ, ಕಂದು ಜಿಗಿಹುಳುವನ್ನು ತಿನ್ನುವ ಜೇಡ ಮೊದಲಾದ ಜೀವಿಗಳು ಸತ್ತು, ಜಿಗಿಹುಳು ಮಾತ್ರ ಉಳಿದು ಪೈರನ್ನು ಸುಟ್ಟಂತೆ ಒಣಗಿಸಿತು. ಕೊನೆಗೆ 1986ರಲ್ಲಿ ಅಧ್ಯಕ್ಷ ಸುಹಾರ್ತೋ ಅವರೇ ಆಜ್ಞೆ ಹೊರಡಿಸಿ, ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು. ನಾಟಿಗೆ ಎರಡೇ ಕಾಲ, ಉಳಿದಂತೆ ಗದ್ದೆಗೆ ಬಿಡುವು ಎಂಬ ಜಾನ್ಲಿಯ ಕಟ್ಟಳೆಯಲ್ಲಿ ಹುಳುವಿಗೆ ನಿರಂತರ ಊಟ ಸಿಗದಂತೆ ಮಾಡುವ ಉಪಾಯವೂ ಅಡಗಿದೆ. ಹಿರಿಯರು ಅದನ್ನು ಹಾಗೆಂದು ಹೇಳಲಿಲ್ಲ, ಹಿಂದಿನವರು ಹೀಗೆ ಮಾಡುತ್ತಿದ್ದರು ಎಂದಷ್ಟೇ ಹೇಳಿದರು.

ಗಿಡ್ಡ ತಳಿಯ ಜೊತೆಗೆ ಜಾವಾದ ಹೊಲಗಳಿಂದ ಇನ್ನೊಂದು ವಸ್ತುವೂ ಮರೆಯಾಯಿತು. ಅದು ಎತೆಮ್, ಜಾವಾ ಭಾಷೆಯಲ್ಲಿ ಅನಿ ಅನಿ: ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಮರದ ಹಿಡಿಗೆ ಒಂದು ಸಣ್ಣ ಅಲಗನ್ನು ಕೂಡಿಸಿದ ಕೊಯ್ಲಿನ ಸಾಧನ. ಇದರಿಂದ ತೆನೆಯನ್ನು ಒಂದೊಂದಾಗಿ, ಉದ್ದನೆಯ ತೊಟ್ಟಿನ ಸಮೇತ ಕೊಯ್ಯುತ್ತಾರೆ. ಅಲಗು ಕಾಣಿಸಿದರೆ ಭತ್ತದ ದೇವಿ ಬೆಚ್ಚಿಬೀಳುತ್ತಾಳೆ, ಅದಕ್ಕೇ ಅದು ಅಂಗೈಯಲ್ಲಿ ಮರೆಯಾಗಿರಬೇಕು ಎಂಬುದು ನಂಬಿಕೆ. ಆ ದೇವಿಯನ್ನು ಸುಂಡಾ ಜನರು ನ್ಯಿ ಪೊಹಾಚಿ ಎಂದೂ, ಜಾವಾದವರು ದೇವಿ ಶ್ರೀ ಎಂದೂ ಕರೆಯುತ್ತಾರೆ. ಆಕೆಯ ಸಮಾಧಿಯ ಮಣ್ಣಿನಿಂದಲೇ ಭತ್ತ, ತೆಂಗು, ಬಿದಿರು ಮೊದಲಾದವು ಮೊಳೆತವೆಂಬ ಕಥೆ ಈ ಸೀಮೆಯಲ್ಲೆಲ್ಲ ಇದೆ. ನಾಗಾದವರು ಐದು ಹೊತ್ತು ನಮಾಜು ಮಾಡುವ ಮುಸಲ್ಮಾನರು. ಭತ್ತವನ್ನು ನೋಯಿಸಬಾರದೆಂಬ ಭಾವ ಅವರ ಕೈಯಲ್ಲಿ ಹಾಗೆಯೇ ಉಳಿದಿದೆ, ಇವೆರಡರ ನಡುವೆ ಅವರಿಗೆ ಯಾವ ಇಕ್ಕಟ್ಟೂ ಕಂಡಂತಿಲ್ಲ.

ಎತೆಮ್‌ನಿಂದ ಕೊಯ್ಯುವುದು ನಿಧಾನವೆಂಬುದು ನಿಜ. ಆದರೆ ಆ ನಿಧಾನದಲ್ಲಿ ಬಹಳ ಮಂದಿಗೆ, ಅದರಲ್ಲೂ ಹೆಂಗಸರಿಗೆ ಮತ್ತು ವಯಸ್ಸಾದವರಿಗೆ, ಕೆಲಸವೂ ಕೊಯ್ದ ಭತ್ತದಲ್ಲಿ ಪಾಲೂ ಇತ್ತು. ಗಿಡ್ಡ ತಳಿಗೆ ಕುಡುಗೋಲು ಸಾಕು, ಗುತ್ತಿಗೆದಾರ ಕರೆತರುವ ಕೆಲವೇ ಗಂಡಾಳುಗಳು ಸಾಕು ಎಂದಾದ ಮೇಲೆ ಜಾವಾದ ಎಷ್ಟೋ ಹಳ್ಳಿಗಳಲ್ಲಿ ಬಡ ಹೆಂಗಸರ ಪಾಲು ಹೊಲದಿಂದಲೇ ಹೊರಟುಹೋಯಿತು. ಆ ಬುಧವಾರ ಮಧ್ಯಾಹ್ನ ನಾನು ಕಂಡ ಗದ್ದೆಯಲ್ಲಿ ಏಳೆಂಟು ಹೆಂಗಸರು ಮಾತಾಡುತ್ತಾ ಸಾಲಾಗಿ ಮುಂದುವರಿಯುತ್ತಿದ್ದರು, ಎಡಗೈಯಲ್ಲಿ ತೆನೆಯ ಕಟ್ಟು ದಪ್ಪವಾಗುತ್ತಾ ಹೋಗುತ್ತಿತ್ತು. ಕಟ್ಟುಗಳನ್ನು ಬಿದಿರಿನ ಗಳುಗಳ ಮೇಲೆ ತಲೆಕೆಳಗಾಗಿ ಒಣಹಾಕುತ್ತಾರೆ. ಒಣಗಿದ ಕಟ್ಟುಗಳನ್ನು ಅಡ್ಡೆಯ ಎರಡೂ ತುದಿಗೆ ತೂಗುಹಾಕಿ ಹೊತ್ತು ನಡೆದಾಗ ಬಿದಿರು ಕಿರುಗುಟ್ಟುವ ಸದ್ದಿಗೆ ರೆಂಗ್‌ಕೊಂಗ್ ಎಂದು ಹೆಸರು, ಸುಂಡಾ ಸೀಮೆಯಲ್ಲಿ ಆ ಸದ್ದೇ ಒಂದು ಕಲೆಯಾಗಿ ಬೆಳೆದಿದೆ. ಗಾಂಗ್ ಎಂಬ ದೊಡ್ಡ ಜಾಗಟೆ ಬಾರಿಸುವ ಕಲೆಗಳನ್ನು ಈ ಊರಿನೊಳಗೆ ಆಡಿಸುವಂತಿಲ್ಲ, ಅಡ್ಡೆಯ ಕಿರುಗುಟ್ಟುವಿಕೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಹೆಂಗಸರ ಶ್ರಮವನ್ನು ನಾನು ಹಗುರ ಮಾಡಿ ಹೇಳಬಾರದು. ಊರಿನಂಚಿನ ಕೆರೆಯ ಮೇಲೆ ನಿಲ್ಲಿಸಿದ ‘ಸಾವುಂಗ್ ಲಿಸುಂಗ್’ ಎಂಬ ಚಪ್ಪರದಲ್ಲಿ, ದೋಣಿಯಂತೆ ಕೊರೆದ ಉದ್ದನೆಯ ಒರಳಿನಲ್ಲಿ ಒನಕೆಯಿಂದ ಭತ್ತ ಕುಟ್ಟುವುದನ್ನು ಕಂಡೆ, ಒಂದೆರಡು ನಿಮಿಷ ಒನಕೆ ಹಿಡಿದೂ ನೋಡಿದೆ. ಹೊರಗಿನವರಿಗೆ ಅದು ಲಯಬದ್ಧವಾದ ಚಂದದ ಸದ್ದು, ಕುಟ್ಟುವವರಿಗೆ ಭುಜದ ನೋವು. ಉಮಿ, ತೌಡು ನೇರವಾಗಿ ಕೆಳಗಿನ ಕೆರೆಯ ಮೀನಿಗೆ ಬೀಳುತ್ತದೆ. ಆ ಕೆರೆಗಳೂ ಭತ್ತದ ಲೆಕ್ಕಾಚಾರದ ಒಂದು ಭಾಗವೇ. ಊರನ್ನು ಸುತ್ತುವರಿದ ಬಿದಿರಿನ ಬೇಲಿಯ ಒಳಗೆ ಮನೆಗಳು, ಮಸೀದಿ, ಸಭೆ ಸೇರುವ ಜಗಲಿಮನೆ ಮತ್ತು ಸಾಮೂಹಿಕ ಕಣಜ ಇವೆ, ಅದು ಶುಚಿಯಾದ ನೆಲ. ಸ್ನಾನದ ಮನೆ, ಪಾಯಿಖಾನೆ, ಕುರಿಕೊಟ್ಟಿಗೆ, ಒರಳು ಎಲ್ಲವೂ ಬೇಲಿಯ ಆಚೆಗೆ, ಮೀನುಕೆರೆಗಳ ಮೇಲೆ ಅಥವಾ ಪಕ್ಕದಲ್ಲಿ. ಮನುಷ್ಯರ ಮತ್ತು ಅಡುಗೆಮನೆಯ ಹೊಲಸು ಮೀನಿಗೆ, ಮೀನು ಮನುಷ್ಯರ ಊಟಕ್ಕೆ. ಕೇಳಿದಾಗ ನನ್ನ ಮನಸ್ಸು ತುಸು ಹಿಂದೆಗೆಯಿತು, ಆದರೆ ರಾತ್ರಿ ಬಡಿಸಿದ ಮೀನನ್ನು ಉಂಡೆ.

ಆ ರಾತ್ರಿ ಊರಿನ ಸಂಪ್ರದಾಯದ ಮುಖ್ಯಸ್ಥರಾದ ಕುಂಚೆನ್ ಅವರ ಅನುಮತಿಯಿಂದ ಒಂದು ಮನೆಯಲ್ಲಿ ಉಳಿದುಕೊಂಡೆ. ಮನೆ ಕಲ್ಲಿನ ಬುನಾದಿಗುಂಡುಗಳ ಮೇಲೆ ನೆಲದಿಂದ ಎತ್ತರಕ್ಕೆ ನಿಂತಿತ್ತು, ಗೋಡೆ ಸುಣ್ಣ ಬಳಿದ ಬಿದಿರು ತಟ್ಟಿಯದು. ಕುರ್ಚಿ, ಮೇಜು, ಮಂಚ ಯಾವುದೂ ಇಲ್ಲ, ಎಲ್ಲರೂ ಚಾಪೆಯ ಮೇಲೆಯೇ. ಮುಂಬಾಗಿಲು ಮತ್ತು ಅಡುಗೆಮನೆಯ ಬಾಗಿಲು ಎರಡೂ ಒಂದೇ ಬದಿಗೆ ಇವೆ. ಹಿಂಬಾಗಿಲು ಇಟ್ಟರೆ ಮುಂದಿನಿಂದ ಬಂದ ಸಂಪತ್ತು ಹಿಂದಿನಿಂದ ಸೋರಿಹೋಗುತ್ತದೆಯಂತೆ. ಅಡುಗೆಮನೆಯ ತಟ್ಟಿಯನ್ನು ಮಾತ್ರ ಉಳಿದವಕ್ಕಿಂತ ಸಡಿಲವಾಗಿ ಹೆಣೆದಿದ್ದರು. ಹೊಗೆ ಹೊರಹೋಗಲೆಂದು ಎಂದು ನಾನು ಊಹಿಸಿದ್ದು ಅರ್ಧ ಮಾತ್ರ ಸರಿಯಾಗಿತ್ತು. ಒಳಗೆ ಒಲೆಯ ಬೆಂಕಿ ಆರದೆ ಉಳಿದಿದ್ದರೆ ದಾರಿಯಲ್ಲಿ ಹೋಗುವವರ ಕಣ್ಣಿಗೆ ಅದು ಬೀಳಬೇಕು ಎಂಬುದು ಇನ್ನರ್ಧ. ನಾರಿನ ಮಾಡುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿರುವ ಊರಿನಲ್ಲಿ ನೆರೆಯವರ ಒಲೆ ತನ್ನ ಒಲೆಯೂ ಹೌದು.

ಅಡುಗೆಮನೆಯ ಪಕ್ಕದಲ್ಲಿ ಗೋಆಹ್ ಎಂಬ ಚಿಕ್ಕ ಕೋಣೆಯಿತ್ತು. ಅಕ್ಕಿ ಇಡುವುದು ಅಲ್ಲಿ. ಗಂಡಸರು ಅದರೊಳಗೆ ಕಾಲಿಡುವಂತಿಲ್ಲ, ಯಜಮಾನನೂ ಹೊರಗೇ. ಎಷ್ಟು ಅಕ್ಕಿ ಇದೆ, ಇನ್ನೆಷ್ಟು ದಿನ ಬರುತ್ತದೆ ಎಂಬ ಲೆಕ್ಕ ಮನೆಯೊಡತಿಗೆ ಮಾತ್ರ ಗೊತ್ತು. ಅತಿಥಿಯಾದ ನಾನು ಬಾಗಿಲ ಹೊರಗೆ ನಿಂತಿದ್ದೆ, ಆಕೆ ಒಳಗಿನಿಂದ ಅಕ್ಕಿ ಅಳೆದು ತಂದು, ಬಿದಿರಿನ ಶಂಕುವಿನಾಕಾರದ ಬುಟ್ಟಿಯಲ್ಲಿ ಹಾಕಿ ತಾಮ್ರದ ಪಾತ್ರೆಯ ಹಬೆಯ ಮೇಲಿಟ್ಟರು. ಹೊಲದಲ್ಲಿ ಹೆಂಗಸರ ದುಡಿಮೆ ಎಷ್ಟು ಭಾರವೋ ಮನೆಯಲ್ಲಿ ಅವರ ಕೈಯ ಅಧಿಕಾರವೂ ಅಷ್ಟೇ ಭಾರ ಎಂದು ಹೇಳಿದರೆ ಅದು ಪೂರ್ತಿ ನ್ಯಾಯವಾಗಲಾರದು, ಆದರೂ ಆ ಬಾಗಿಲ ಮುಂದೆ ನಿಂತಾಗ ಅಧಿಕಾರ ಯಾರದೆಂಬ ಬಗ್ಗೆ ನನಗೆ ಸಂಶಯವಿರಲಿಲ್ಲ.

ಊಟ ಸೀಮೆಎಣ್ಣೆ ದೀಪದ ಬೆಳಕಿನಲ್ಲಾಯಿತು. ಊರಿಗೆ ವಿದ್ಯುತ್ ತಂತಿ ಎಳೆಸಿಲ್ಲ. ತಂತಿ ಬರಲಾಗದ್ದಲ್ಲ, ಮೇಲಿನ ಹೆದ್ದಾರಿಯುದ್ದಕ್ಕೂ ಕಂಬಗಳಿವೆ. ಬೇಡವೆಂದವರು ಇವರೇ. ಒಂದು ಕಾರಣ ಬೆಂಕಿ: ಒಣನಾರಿನ ಮಾಡಿನ ಕೆಳಗೆ ಒಂದು ಕಿಡಿ ಸಾಕು. ಇನ್ನೊಂದು ಕಾರಣ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು: ವಿದ್ಯುತ್ ಬಂದರೆ ಒಬ್ಬರು ಫ್ರಿಜ್ ತರುತ್ತಾರೆ, ಇನ್ನೊಬ್ಬರು ದೊಡ್ಡ ಟಿವಿ ತರುತ್ತಾರೆ, ಮೂರನೆಯವರಿಗೆ ಎರಡೂ ಆಗುವುದಿಲ್ಲ, ಆಗ ಒಂದೇ ಬಗೆಯ ಮಾಡಿನ ಕೆಳಗೆ ಬೇರೆ ಬೇರೆ ಬಗೆಯ ಬದುಕು ಶುರುವಾಗುತ್ತದೆ. ಹಾಗೆಂದು ಟಿವಿ ಇಲ್ಲವೇ ಇಲ್ಲ ಎಂದೂ ಅಲ್ಲ, ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಟಿವಿಯನ್ನು ಕೆಲವರು ಇಟ್ಟುಕೊಂಡಿದ್ದಾರೆ, ಮೊಬೈಲು ಬಹುತೇಕ ಯುವಕರಲ್ಲಿದೆ. ‘ಕಾಲ ನಿಂತುಹೋದ ಊರು’ ಎಂದು ಪ್ರವಾಸಿಗರಿಗಾಗಿ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಇಲ್ಲಿ ಕಾಲ ನಿಂತಿಲ್ಲ, ಏನನ್ನು ಒಳಗೆ ಬಿಡಬೇಕು ಎಂಬ ತೀರ್ಮಾನ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ನಡೆಯುತ್ತಿದೆ. ಆ ತೀರ್ಮಾನಕ್ಕೆ ಬೆಲೆ ತೆರಬೇಕಾಗಿಯೂ ಬಂದಿದೆ. 2007ರಿಂದ ಇಂಡೋನೇಷ್ಯಾ ಸರ್ಕಾರ ಮನೆಮನೆಗೆ ಅಡುಗೆ ಅನಿಲದ ಸಿಲಿಂಡರ್ ಹಂಚಿ, ಸಬ್ಸಿಡಿಯ ಸೀಮೆಎಣ್ಣೆಯನ್ನು ಹಿಂತೆಗೆದುಕೊಂಡಾಗ, ದೇಶದ ಬಹುಪಾಲು ಜನರಿಗೆ ಅದು ಒಲೆಯ ಬದಲಾವಣೆ ಮಾತ್ರವಾಗಿತ್ತು. ಅಡುಗೆಗೆ ಸೌದೆ ಉರಿಸಿ, ಬೆಳಕಿಗೆ ಸೀಮೆಎಣ್ಣೆಯನ್ನೇ ನಂಬಿದ್ದ ಇಂಥ ಊರಿಗೆ ಅದು ಬೆಳಕಿನ ಬೆಲೆಯನ್ನೇ ಏರಿಸಿದ ಬದಲಾವಣೆ.

ಮರುದಿನ ಗುರುವಾರ. ಬೆಳಗಿನ ಬಿಸಿನೀರು ಕುಡಿಯುತ್ತಾ ಹಿರಿಯರು ತಾವಾಗಿಯೇ ಕಥೆ ಆರಂಭಿಸಿದರು. ಚಿರೆಬೊನ್‌ನ ಸಂತ ಸುನಾನ್ ಗುನುಂಗ್ ಜಾತಿಯವರ ಅನುಯಾಯಿಯಾಗಿದ್ದ ಸಿಂಗಪರ್ನಾ ಎಂಬಾತ ಧರ್ಮಪ್ರಚಾರಕ್ಕೆಂದು ಪಶ್ಚಿಮಕ್ಕೆ ಬಂದವನು ಈ ಕಣಿವೆಯಲ್ಲಿ ತಪಸ್ಸಿಗೆ ಕುಳಿತು ಇಲ್ಲೇ ನೆಲೆಯಾದ ಎಂಬುದು ಒಂದು ಹೇಳಿಕೆ. ಅವನ ಸಮಾಧಿ ಊರಿನ ಪಶ್ಚಿಮದ ಪವಿತ್ರ ಕಾಡಿನಲ್ಲಿದೆ. ಆದರೆ ಹೀಗೇ ಆಯಿತೆಂದು ಖಚಿತವಾಗಿ ಹೇಳಲು ಅವರು ಒಪ್ಪಲಿಲ್ಲ, ಅದಕ್ಕೆ ಕಾರಣ 1956. ಪಶ್ಚಿಮ ಜಾವಾದಲ್ಲಿ 1949ರ ಆಗಸ್ಟ್‌ನಲ್ಲಿ ಇಸ್ಲಾಮಿಕ್ ರಾಷ್ಟ್ರವೊಂದನ್ನು ಘೋಷಿಸಿದ ಕಾರ್ತೊಸುವಿರ್ಯೋನ ದಾರುಲ್ ಇಸ್ಲಾಂ ದಂಗೆ ಹದಿಮೂರು ವರ್ಷ ಈ ಬೆಟ್ಟಗಳಲ್ಲಿ ನಡೆಯಿತು, 1962ರಲ್ಲಿ ಅವನು ಸೆರೆಯಾಗುವ ತನಕ. 1956ರಲ್ಲಿ ಆ ದಂಗೆಕೋರರು ಊರಿಗೆ ಬೆಂಕಿಯಿಟ್ಟರು. ಮನೆಗಳ ಜೊತೆಗೆ ಹಿಂದಿನವರ ಬರಹಗಳೂ, ಪೂಜ್ಯ ವಸ್ತುಗಳೂ ಉರಿದುಹೋದವು. ಅಂದಿನಿಂದ ತಮ್ಮ ಮೂಲದ ಬಗ್ಗೆ ಕೇಳಿದವರಿಗೆ ಇಲ್ಲಿಯವರು ಹೇಳುವ ಮಾತು ‘ಪಾರೆಉಮ್ ಓಬೊರ್’: ಪಂಜು ಆರಿಹೋಗಿದೆ. ಹಿಂದಿನ ರಾತ್ರಿ ನೋಡಿದ ಆ ಸಡಿಲ ಹೆಣಿಗೆಯ ತಟ್ಟಿ ನನಗೆ ಆಗ ಮತ್ತೆ ನೆನಪಾಯಿತು. ಬರಹ ಉರಿದರೂ ಮನೆ ಕಟ್ಟುವ ಬಗೆ ಕೈಗಳಲ್ಲಿತ್ತು, ಊರನ್ನು ಹಿಂದಿದ್ದ ಹಾಗೆಯೇ ಎಬ್ಬಿಸಿದರು.

ನದಿಯ ಆಚೆ ದಂಡೆಯಲ್ಲಿ ಇನ್ನೊಂದು ಕಾಡಿದೆ, ಲೆಉವೆಂಗ್ ಲಾರಂಗನ್, ನಿಷಿದ್ಧ ವನ. ಅಲ್ಲಿಗೆ ಯಾರೂ ಹೋಗುವುದಿಲ್ಲ, ಬಿದ್ದ ಒಣಕಡ್ಡಿಯನ್ನೂ ಎತ್ತುವುದಿಲ್ಲ. ಒಲೆಗೆ ಸೌದೆಯೇ ಗತಿಯಾದ ಊರಿನ ಕಣ್ಣೆದುರಿಗೇ ಆ ಕಾಡು ನಿಬಿಡವಾಗಿ ನಿಂತಿದೆ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಮನಸ್ಸಿಗೆ ಕಷ್ಟವಾದ ಸಂಗತಿಯನ್ನೂ ಹೇಳಬೇಕು. ಒಂದೂವರೆ ಹೆಕ್ಟೇರು ಹಿಗ್ಗುವುದಿಲ್ಲ. ಬೇಲಿಯೊಳಗೆ ಹೊಸ ಮನೆಗೆ ಜಾಗವಿಲ್ಲ, ಹಾಗಾಗಿ ಮದುವೆಯಾದ ಮಕ್ಕಳಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಿ ಹೊರಗೆ ಹೋಗಲೇಬೇಕು. ಅಕ್ಕಪಕ್ಕದ ಹಳ್ಳಿಗಳಲ್ಲಿ, ತಾಸಿಕ್‌ಮಲಾಯಾದಲ್ಲಿ, ಬಾಂಡುಂಗ್ ಮತ್ತು ಜಕಾರ್ತಾಗಳಲ್ಲಿ ನೆಲೆಸಿದ ಇವರನ್ನೂ ಸೇರಿಸಿ ‘ಸಾ ನಾಗಾ’ ಎನ್ನುತ್ತಾರೆ, ನಾಗಾದ ಸಮಸ್ತರು ಎಂಬ ಅರ್ಥದಲ್ಲಿ. ಊರಿನೊಳಗಿರುವವರಿಗಿಂತ ಇವರ ಸಂಖ್ಯೆಯೇ ಬಹಳ ಹೆಚ್ಚು. ಹೊರಗೆ ಅವರು ಇಟ್ಟಿಗೆಯ ಮನೆ ಕಟ್ಟಬಹುದು, ಫ್ರಿಜ್ ಇಡಬಹುದು. ಒಳಗಿನ ಸಮಾನತೆ ಉಳಿದಿರುವುದು ಹೊರಗೆ ಹೋದವರು ಬಿಟ್ಟುಕೊಟ್ಟ ಜಾಗದಿಂದಲೂ ಹೌದು. ನಾನು ಉಳಿದಿದ್ದ ಮನೆಯ ತಾಯಿ ತಮ್ಮ ಇಬ್ಬರು ಮಕ್ಕಳು ಮೇಲಿದ್ದಾರೆ ಎಂದಾಗ ಕೈ ಎತ್ತಿ ರಸ್ತೆಯ ಕಡೆ ತೋರಿಸಿದರು, ಅವರಿಗೆ ಜಕಾರ್ತಾವೂ ಮೇಲೆಯೇ.

ಆದರೆ ಹೋದವರು ಬರುತ್ತಾರೆ. ವರ್ಷಕ್ಕೆ ಆರು ಸಲ, ಮೊಹರಂ, ಮೌಲೂದ್, ಶವ್ವಾಲ್ ಮೊದಲಾದ ಗೊತ್ತಾದ ತಿಂಗಳುಗಳಲ್ಲಿ ‘ಹಜಾತ್ ಸಾಸಿಹ್’ ನಡೆಯುತ್ತದೆ. ಗಂಡಸರು ಚಿವುಲಾನ್‌ನಲ್ಲಿ ಮಿಂದು, ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ, ಕೈಯಲ್ಲಿ ಪೊರಕೆ ಹಿಡಿದು ಸಾಲಾಗಿ ಪೂರ್ವಜರ ಸಮಾಧಿಗೆ ಹೋಗಿ ಗುಡಿಸಿ ಬರುತ್ತಾರೆ. ಹೆಂಗಸರು ಗೋಪುರದಂತೆ ಒಟ್ಟಿದ ತುಂಪೆಂಗ್ ಅನ್ನವನ್ನು ಮಸೀದಿಗೆ ತರುತ್ತಾರೆ, ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೂ ಗದ್ದೆಯಲ್ಲಿ ದುಡಿಯುವವನಿಗೂ ಅಂದು ಪೊರಕೆ ಒಂದೇ.

ನಾನು ಹೊರಟದ್ದು ಗುರುವಾರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಮನೆಗಳ ಮುಂದೆ ಹಾದುಹೋಗುವಾಗ ಸುಂಡಾ ರೂಢಿಯಂತೆ ‘ಪುಂತೆನ್’ ಎನ್ನುತ್ತಾ ಬಂದೆ, ಒಳಗಿನಿಂದ ‘ಮಂಗಾ’ ಎಂಬ ಉತ್ತರ ಕೇಳುತ್ತಿತ್ತು, ದಾರಿ ಬಿಡಿ, ಆಗಲಿ ಹೋಗಿ ಎಂಬಂತೆ. ಹಿರಿಯರೂ ಮೆಟ್ಟಿಲ ತುದಿಯವರೆಗೆ ಜೊತೆಗೆ ಹತ್ತಿದರು, ನನಗಿಂತ ಚುರುಕಾಗಿ. ಬೀಳ್ಕೊಡಲು ಎಂದುಕೊಂಡಿದ್ದೆ, ಅದಷ್ಟೇ ಅಲ್ಲ. ರಸ್ತೆಯಂಚಿನ ಅಂಗಡಿಯೊಂದರ ಹಿಂಬದಿಯ ಹಲಗೆಯ ಮೇಲೆ ಏಳೆಂಟು ಮೊಬೈಲುಗಳು ತಂತಿ ಸಿಕ್ಕಿಸಿಕೊಂಡು ಸಾಲಾಗಿ ಮಲಗಿದ್ದವು. ಅವುಗಳಲ್ಲಿ ತಮ್ಮದನ್ನು ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಗದ್ದೆಗೆ ನೀರು ತಿರುಗಿಸುವ ಹೊತ್ತಾಯಿತು ಎಂದು ಹೇಳಿ, ಅವರು ಮತ್ತೆ ಮೆಟ್ಟಿಲಿಳಿದು ಹೋದರು.